ಹೊಗೆ ನುಂಗುವ ಬಾಣಂತಿ ಒಲೆ

ನಮ್ಮತ್ತೆ ಅಮೆರಿಕಕ್ಕೆ ಬಂದಿಳಿದಾಗ ಅವರ ಪೆಟ್ಟಿಗೆಯಲ್ಲಿ ಅವರ ಸೀರೆಗಳಿಗಿಂತ ನನ್ನ ಬಾಣಂತನದ ಸಾಮಾನೇ ಹೆಚ್ಚಿತ್ತು. ಸೀಗೆಪುಡಿ, ಬಜೆ, ಸಾಂಬ್ರಾಣಿ, ಅಂಟು, ಒಣಶುಂಠಿ, ಹೊಟ್ಟೆಗೆ ಬಿಗಿಯಲು ಹಳೆಯ ನೂಲಿನ ಸೀರೆ. ಕಸ್ಟಮ್ಸಿನವನು ಬಜೆಯ ಬೇರನ್ನು ಮೂಸಿ ನೋಡಿ ಸೀನಿದನಂತೆ. "ಸೀನಿದ್ಮೇಲೆ ಸುಮ್ನೆ ಬಿಟ್ಬಿಟ್ಟ ಕಣಮ್ಮ, ಒಳ್ಳೇ ಹುಡುಗ" ಎಂದರು.

ಎಪ್ಪತ್ತರ ದಶಕದ ಕೊನೆಯ ಮಾತು. ನಾವಿದ್ದದ್ದು ಜಾರ್ಜಿಯಾದ ಲಾರೆನ್ಸ್‌ವಿಲ್‌ನಲ್ಲಿ. ನಮ್ಮವರು ಅಲ್ಲಿನ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ನಾನು ಅಟ್ಲಾಂಟಾದ ಒಂದು ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಸಾಕುತ್ತಿದ್ದೆ. ಊರಿಗೆಲ್ಲ ನಮ್ಮದೊಂದೇ ಕನ್ನಡದ ಮನೆ. ಉಪ್ಪಿಟ್ಟಿನ ರವೆ ಬೇಕಾದರೂ ಅಟ್ಲಾಂಟಾವರೆಗೆ ಕಾರು ಓಡಿಸಬೇಕಿತ್ತು.

ಬಾಣಂತನ ಮಾಡಬೇಕಾದವರು ತವರಿನವರು. ನಾನು ಜಡೆ ಹಾಕಿಕೊಳ್ಳುವುದನ್ನು ಕಲಿಯುವ ಮೊದಲೇ ನನ್ನ ಅಮ್ಮ ಹೋಗಿಬಿಟ್ಟಿದ್ದಳು. ಮದುವೆಯಾಗಿ ಮನೆ ತುಂಬಿಸಿಕೊಂಡ ದಿನವೇ ಅತ್ತೆ ನನ್ನ ಗಲ್ಲ ಹಿಡಿದು, "ನಿನ್ನ ಬಾಣಂತನ ನಾನು ಮಾಡ್ತೀನಿ. ಅಮ್ಮ ಇಲ್ಲ ಅಂತ ನಿಂಗೆ ಅನ್ನಿಸಬಾರದು, ಹಾಗೆ ಮಾಡ್ತೀನಿ" ಎಂದಿದ್ದರು. ಆ ಮಾತು ನಡೆಸಲೆಂದೇ ಕೋಲಾರದ ಕಡೆಯ ಹಳ್ಳಿಯಿಂದ ಮೊದಲ ಸಲ ವಿಮಾನ ಹತ್ತಿ ಬಂದಿದ್ದರು. ಇಲ್ಲಿ ನೋಡಿದರೆ ಅವರ ಕೈಗೆ ಕೆಲಸವೇ ಇಲ್ಲ. ಬಟ್ಟೆ ಒಗೆಯಲು ಮೆಷಿನ್ನು, ಪಾತ್ರೆ ತೊಳೆಯಲು ಮೆಷಿನ್ನು, ಮಗುವಿನ ತೂಕ ನೋಡಲು ನರ್ಸು. ಉಳಿದದ್ದು ಒಂದೇ, ಬಾಣಂತಿ ನೀರು. ಅದಕ್ಕೆ ಸೌದೆ ಬೆಂಕಿಯೇ ಬೇಕು ಎಂದು ಅವರು ಪಟ್ಟು ಹಿಡಿದು ಕೂತರು.

ಹೀಟರಿನ ನೀರು ಧಾರಾಳವಾಗಿ ಬರುತ್ತದಲ್ಲ ಅತ್ತೆ, ಬಿಸಿ ಅಂದರೆ ಬಿಸಿಯೇ, ಅದರಲ್ಲಿ ಜಾತಿ ಎಲ್ಲಿಂದ ಬಂತು ಎಂದು ನಾನು ವಾದಿಸಿದೆ. ನನ್ನ ಬಾಯಿ ಆಗಲೂ ಸುಮ್ಮನಿರುತ್ತಿರಲಿಲ್ಲ.

"ಅದು ಬೆಂಕಿ ಮುಖ ನೋಡದಿರೋ ನೀರು. ಮೈಮೇಲೆ ಬೀಳುತ್ತೆ, ಮೂಳೆಗೆ ಇಳಿಯಲ್ಲ. ನಿನ್ನ ಲ್ಯಾಬಿನ ಹುಳಗಳಿಗೆ ಹಾಕ್ಕೋ ಆ ನೀರನ್ನ" ಎಂದರು ಅತ್ತೆ.

ಹಂಡೆ ಸಿಕ್ಕಿದ್ದು ಮನೆಯಂಗಳದಲ್ಲಿ ಹಳೇ ಸಾಮಾನು ಮಾರುವ ಒಂದು ಯಾರ್ಡ್ ಸೇಲಿನಲ್ಲಿ. ಆ ಸೀಮೆಯಲ್ಲಿ ಹಿಂದೆ ಬಟ್ಟೆ ಬೇಯಿಸಲು ಮೂರು ಕಾಲಿನ ದೊಡ್ಡ ಕಬ್ಬಿಣದ ಪಾತ್ರೆ ಇಟ್ಟುಕೊಳ್ಳುತ್ತಿದ್ದರು. ಈಗ ಅದರಲ್ಲಿ ಮಣ್ಣು ತುಂಬಿ ಹೂವಿನ ಗಿಡ ಬೆಳೆಸುತ್ತಾರೆ. ಅತ್ತೆ ಅಂಥದ್ದೊಂದರ ಮುಂದೆ ನಿಂತುಬಿಟ್ಟರು, ಮುಂದಕ್ಕೆ ಹೆಜ್ಜೆ ಇಡಲಿಲ್ಲ. ನಮ್ಮವರು ಹೂವಿನ ಗಿಡವನ್ನು ಮಾಲೀಕಳಿಗೇ ವಾಪಸು ಕೊಟ್ಟು, ಪಾತ್ರೆಯನ್ನು ಕಾರಿನ ಡಿಕ್ಕಿಗೆ ಹೊತ್ತು ಹಾಕಿದರು.

ಅಕ್ಟೋಬರಿನಲ್ಲಿ ಮಗಳು ಹುಟ್ಟಿದಳು. ನಾನು ಮನೆಗೆ ಬಂದ ಮರುದಿನ ಬೆಳಿಗ್ಗೆಯೇ ಅತ್ತೆ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಹಂಡೆಯಿಟ್ಟು, ಪೈನ್ ಮರದ ಕಡ್ಡಿ ತುರುಕಿ ಬೆಂಕಿ ಹಚ್ಚಿದರು. ಪೈನಿನ ಹೊಗೆ ಎಂದರೆ ಏನೆಂದು ಕೇಳಬೇಡಿ. ಮನೆಯ ಮೇಲೆ ಕಪ್ಪು ಗೋಪುರ ಎದ್ದಿತು. ನನಗೆ ಎಣ್ಣೆ ಹಚ್ಚಿ ಮುಗಿಸುವ ಮೊದಲೇ ಸೈರನ್ ಕೂಗಿಕೊಂಡು ಫೈರ್ ಎಂಜಿನ್ ಬಂದು ನಿಂತಿತು.

ಆ ವರ್ಷ ಮಳೆ ಕೈಕೊಟ್ಟು ಕಾಡೆಲ್ಲ ಒಣಗಿ ನಿಂತಿತ್ತು. ಬಯಲಿನಲ್ಲಿ ಬೆಂಕಿ ಹಾಕಬಾರದು ಎಂದು ಊರಿಗೆಲ್ಲ ಕಟ್ಟಪ್ಪಣೆಯಾಗಿತ್ತು. ನಮಗೆ ಗೊತ್ತೇ ಇರಲಿಲ್ಲ. ಎಂಜಿನ್ನಿನಿಂದ ಇಳಿದವನು ಕೆಂಪು ಮೀಸೆಯ ಎತ್ತರದ ಆಳು. ಬಹಳ ಮರ್ಯಾದಸ್ಥ. ಮಾತುಮಾತಿಗೂ "ಮ್ಯಾಮ್, ಮ್ಯಾಮ್" ಎನ್ನುತ್ತಲೇ ನಮ್ಮ ಹಂಡೆಯ ನೀರನ್ನು ನಮ್ಮ ಬೆಂಕಿಯ ಮೇಲೇ ಸುರಿದು ಆರಿಸಿದ. ಇನ್ನೊಂದು ಸಲ ಇಲ್ಲಿ ಹೊಗೆ ಕಂಡರೆ ಕೋರ್ಟಿಗೆ ಬರೆಯಬೇಕಾಗುತ್ತದೆ ಎಂದ.

ಅತ್ತೆ ಒದ್ದೆ ಬೂದಿಯನ್ನು ನೋಡುತ್ತ ನಿಂತರು. ಆಮೇಲೆ ಒಳಗೆ ಬಂದು ಮಗನಿಗೆ, "ನಂಗೆ ಟಿಕೆಟ್ ಮಾಡಿಸಪ್ಪ. ನಾನು ಬಂದ ಕೆಲಸ ಈ ದೇಶದಲ್ಲಿ ಆಗಲ್ಲ" ಎಂದರು. ಜಗಳವಾಡಿದ್ದರೆ ಎದುರು ಮಾತಾಡಬಹುದಿತ್ತು. ಹಾಗೆ ತಣ್ಣಗೆ ಹೇಳಿದರೆ ಏನು ಮಾಡುವುದು. ನಾನು ಶವರಿನ ಕೆಳಗೆ ಕಾಗೆ ಸ್ನಾನ ಮಾಡಿ ಬಂದೆ. ಅತ್ತೆ ನನ್ನ ಒದ್ದೆ ತಲೆಯನ್ನು ಒರೆಸಿದರು. ನನಗೆ ಅಳು ಬಂತು.

ಆಗ ಬಂದವಳು ಅಕ್ಕ. ನಮ್ಮ ಹಿತ್ತಲಿಗೆ ಬೆನ್ನು ಕೊಟ್ಟಿದ್ದ ಮನೆಯ ವಿಯೆಟ್ನಾಮಿನ ಮುದುಕಿ. ಅಲ್ಲಿನ ಯುದ್ಧದಲ್ಲಿ ಸೈಗಾನ್ ಬಿದ್ದ ಮೇಲೆ ಮಗಳು, ಅಳಿಯನ ಜೊತೆ ಬಂದವಳು. ಮಗಳು ನಮ್ಮವರ ಆಸ್ಪತ್ರೆಯಲ್ಲೇ ಟೈಪಿಸ್ಟು, ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಅಮ್ಮನಿಗೆ ಒಂದಕ್ಷರವೂ ಬಾರದು. ಅತ್ತೆಗೂ ಅಷ್ಟೆ. ಹಾಗಾಗಿಯೇ ಇಬ್ಬರಿಗೂ ಬೇಲಿಯ ಬಳಿ ಬಲು ಬೇಗ ಸ್ನೇಹವಾಗಿತ್ತು.

ಮೊದಲ ಭೇಟಿಯಲ್ಲಿ ಅತ್ತೆ ನನ್ನನ್ನು ಕರೆದು, "ಇವಳು ನನಗಿಂತ ದೊಡ್ಡೋಳಾ ಚಿಕ್ಕೋಳಾ ಕೇಳು. ಅದು ಗೊತ್ತಾಗದೆ ಏನಂತ ಕೂಗಲಿ?" ಎಂದಿದ್ದರು. ಅದನ್ನು ಇಂಗ್ಲಿಷಿನಲ್ಲಿ ಕೇಳಲು ನನಗೆ ನಾಚಿಕೆ. ಕೇಳಿದರೆ ಮಗಳು ನಕ್ಕುಬಿಟ್ಟಳು. ಅವಳಮ್ಮನೂ ಬೆಳಗಿನಿಂದ ಅದನ್ನೇ ಕೇಳುತ್ತಿದ್ದಳಂತೆ. ವಯಸ್ಸು ತಿಳಿಯದೆ ಅವರ ಭಾಷೆಯಲ್ಲೂ ಯಾರೊಂದಿಗೂ ಮಾತು ಶುರು ಮಾಡಲಾಗುವುದಿಲ್ಲವಂತೆ. ಲೆಕ್ಕ ಹಾಕಿದರೆ ಅವಳೇ ಹಿರಿಯಳು. ಅಂದಿನಿಂದ ಅತ್ತೆಗೆ ಅವಳು "ಅಕ್ಕ", ಅವಳಿಗೆ ಅತ್ತೆ "ಎಮ್", ಅಂದರೆ ತಂಗಿ. ನಾವೆಲ್ಲ ಅಕ್ಕ ಎಂದೇ ಕರೆದೆವು.

ನಡೆದದ್ದನ್ನೆಲ್ಲ ಅತ್ತೆ ಅಕ್ಕನಿಗೆ ಕೈಸನ್ನೆಯಲ್ಲೇ ಅಭಿನಯಿಸಿ ತೋರಿಸಿದರು. ಮೀಸೆ, ಸೈರನ್ನು, ನೀರು ಸುರಿದದ್ದು, ಎಲ್ಲ. ಅಕ್ಕನಿಗೆ ಸಿಟ್ಟೇ ಬಂತು. ಅವರ ಕಡೆಯೂ ಬಾಣಂತಿಯ ಮಂಚದ ಕೆಳಗೆ ಕೆಂಡ ಇಡುತ್ತಾರಂತೆ. ಬೆಂಕಿ ಕಾಣದ ಬಾಣಂತಿ ಎಂಬುದು ಅವಳ ಲೆಕ್ಕದಲ್ಲೂ ಇರಲಿಲ್ಲ. ಸಂಜೆ ಮಗಳನ್ನು ಜೊತೆಗೆ ಕರೆದುಕೊಂಡು ಬಂದು ಕೇಳಿಸಿದಳು: "ಅವನಿಗೆ ಬೇಡದ್ದು ಬೆಂಕಿಯೋ, ಹೊಗೆಯೋ?"

ಬಯಲ ಬೆಂಕಿಯೂ ಬೇಡ, ಹೊಗೆಯೂ ಕಾಣಕೂಡದು ಎಂದೆವು.

"ಹಾಗಾದರೆ ನೆಲದೊಳಗೆ ಉರಿಸೋಣ" ಎಂದಳು ಅಕ್ಕ.

ಶನಿವಾರ ಬೆಳಿಗ್ಗೆ ಗಿಡ್ಡ ಹಿಡಿಯ ಗುದ್ದಲಿಯೊಂದನ್ನು ಹಿಡಿದು ಬಂದಳು. ನಮ್ಮ ಹಿತ್ತಲು ಪೈನ್ ಮರಗಳ ಕಡೆಗೆ ಏರುತ್ತ ಹೋಗುವ ಇಳಿಜಾರು. ಅಕ್ಕ ಕುಕ್ಕರುಗಾಲಿನಲ್ಲಿ ಕೂತು, ಮಣ್ಣನ್ನು ಹಿಡಿಯಷ್ಟು ತೆಗೆದು, ಉಂಡೆ ಕಟ್ಟಿ, ಬೆರಳಲ್ಲಿ ಒತ್ತಿ ನೋಡಿದಳು. ಜಾರ್ಜಿಯಾದ ಮಣ್ಣು ಕುಂಕುಮದಷ್ಟು ಕೆಂಪು. ಅತ್ತೆ ಅದನ್ನು ನೋಡಿ ನಮ್ಮೂರಿನ ಮಣ್ಣೇ ಎಂದರು, ಅಕ್ಕನೂ ತನ್ನೂರಿನದೇ ಎಂದಳು. ಮಗಳು ಅನುವಾದಿಸಿದಳು: "ಒದ್ದೆ ಇದ್ದಾಗ ಬೆಣ್ಣೆ, ಒಣಗಿದರೆ ಇಟ್ಟಿಗೆ. ಗುಂಡಿ ತೋಡೋಕೆ ಇಂಥ ಮಣ್ಣು ಬೇಕು ಅಂತಾಳೆ ಅಮ್ಮ."

ಅತ್ತೆ ಒಂದು ಬುಟ್ಟಿ ತಂದು ಮಣ್ಣು ಹೊರಲು ನಿಂತರು. ನಮ್ಮವರು ಪ್ಯಾಂಟು ಮಡಚಿ ಸಲಿಕೆ ಹಿಡಿದರು. ನಾನು ತಲೆಗೆ ಟವೆಲು ಸುತ್ತಿ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಹಿತ್ತಲಿಗೆ ತೆರೆಯುವ ಬೇಸ್‌ಮೆಂಟಿನ ಬಾಗಿಲಲ್ಲಿ ಕೂತು ಮೇಸ್ತ್ರಿಕೆ ಮಾಡಿದೆ. ಬಾಣಂತಿಗೆ ಗಾಳಿ ತಾಗಬಾರದು ಎಂದು ಅತ್ತೆ ಗದರಿದರು, ನಾನೇನು ಕೇಳುವವಳೇ.

ಕೆಲಸ ಹೀಗಿತ್ತು. ಕೆಳಗೆ ಒಲೆಯ ಗುಂಡಿ, ಅದರ ಬಾಯಿಗೆ ಹಂಡೆ ಸರಿಯಾಗಿ ಕೂರಬೇಕು. ಗುಂಡಿಯ ಹಿಂಬದಿಯಿಂದ ಇಳಿಜಾರಿನ ಮೇಲಕ್ಕೆ ಒಂದು ಕಾಲುವೆ. ನಡುವೆ ಹೊಗೆ ತಂಗಲು ಒಂದು ಅಗಲ ಗುಳಿ, ಅಲ್ಲಿಂದ ಮತ್ತೆ ಕಾಲುವೆ. ಅದರ ಮೇಲೆ ಕೊಂಬೆ, ಎಲೆ, ಪೈನಿನ ಒಣಸೂಜಿ ಹರಡಿ, ಒದ್ದೆ ಮಣ್ಣು ಮುಚ್ಚಬೇಕು. ಹೊಗೆ ನೆಲದೊಳಗೆ ತೆವಳುತ್ತ ತೆವಳುತ್ತ ತಣ್ಣಗಾಗಿ, ಮಸಿಯನ್ನೆಲ್ಲ ಮಣ್ಣಿಗೆ ಬಿಟ್ಟು, ತುದಿಯಲ್ಲಿ ಮಂಜಿನ ಹಾಗೆ ಜಿನುಗುತ್ತದೆ.

"ಇದನ್ನ ಎಲ್ಲಿ ಕಲಿತಿರಿ?" ಎಂದು ನಮ್ಮವರು ಕೇಳಿದರು.

ಅಕ್ಕ ಗುದ್ದಲಿ ಬಿಡದೆ ಹೇಳುತ್ತ ಹೋದಳು. ಅವಳ ಹಳ್ಳಿ ಸೈಗಾನಿಗೆ ದೂರವಲ್ಲ. ಅವಳಿಗೆ ಮದುವೆಗೆ ಮೊದಲು, ಫ್ರೆಂಚರ ಸಿಪಾಯಿಗಳು ಊರಿಗೆ ನುಗ್ಗುತ್ತಿದ್ದ ಕಾಲ. ಮೊದಮೊದಲು ಪ್ರತಿ ಮನೆಯವರೂ ಮಂಚದ ಕೆಳಗೋ ಹಂದಿಗೂಡಿನ ಪಕ್ಕವೋ ಒಬ್ಬ ಅಡಗುವಷ್ಟು ಗುಂಡಿ ತೋಡಿಕೊಂಡರು. ಸಿಪಾಯಿಗಳು ಗುಂಡಿಯ ಬಾಯಿ ಕಂಡುಹಿಡಿದರೆ ಒಳಗಿದ್ದವನ ಕಥೆ ಮುಗಿದಂತೆ. ಆಗ ಪಕ್ಕದ ಮನೆಯ ಗುಂಡಿಗೆ ದಾರಿ ಕೊರೆದರು. ಆ ಮನೆಯವರು ಅದರಾಚೆಯ ಮನೆಗೆ. ಹೀಗೆ ಮನೆಯಿಂದ ಮನೆಗೆ, ಕೇರಿಯಿಂದ ಕೇರಿಗೆ, ನೆಲದಡಿಯಲ್ಲಿ ಇನ್ನೊಂದು ಊರೇ ಆಯಿತು. ಹೊರಗಿನಿಂದ ಯಾವ ಎಂಜಿನಿಯರೂ ಬರಲಿಲ್ಲ. ಗಂಡಸರು ಗಿಡ್ಡ ಗುದ್ದಲಿಯಲ್ಲಿ ಕಡಿಯುವುದು, ಹೆಂಗಸರು ಬುಟ್ಟಿಯಲ್ಲಿ ಎಳೆಯುವುದು, ಮುದುಕರು ಬಿದಿರಿನ ಬುಟ್ಟಿ ಹೆಣೆಯುವುದು.

ಅಷ್ಟು ಮಣ್ಣನ್ನು ಎಲ್ಲಿ ಹಾಕಿದಿರಿ ಎಂದು ಅತ್ತೆ ಕೇಳಿದರು. ಬುಟ್ಟಿ ಹೊತ್ತವರಿಗೇ ಹೊಳೆಯುವ ಪ್ರಶ್ನೆ ಅದು.

ಅಕ್ಕನಿಗೆ ಖುಷಿಯಾಯಿತು. ಅದೇ ದೊಡ್ಡ ಕೆಲಸವಂತೆ. ಹೊಸ ಮಣ್ಣಿನ ಗುಡ್ಡೆ ಕಂಡರೆ ಗುಟ್ಟು ರಟ್ಟು. ಗದ್ದೆಯ ಬದುವಿಗೆ ಸವರುತ್ತಿದ್ದರು, ಹೊಳೆಗೆ ಸುರಿಯುತ್ತಿದ್ದರು, ಉತ್ತ ಹೊಲದಲ್ಲಿ ಎರಚುತ್ತಿದ್ದರು. ಉಸಿರಾಟಕ್ಕೆ ಬಿದಿರಿನ ಕೊಳವೆ ಇಟ್ಟು ಅದರ ಬಾಯನ್ನು ಹುತ್ತದೊಳಗೆ ಬಚ್ಚಿಡುತ್ತಿದ್ದರು. ಒಳಗೆ ಅಡುಗೆಗೆ ಇಂಥದೇ ಹೊಗೆ ನುಂಗುವ ಒಲೆ. ದೂರದ ದಾರಿಯಾದರೆ ಅಲ್ಲಲ್ಲಿ ಬಾವಿಯ ಹಾಗೆ ಇಳಿದು, ಎರಡು ಬಾವಿಗಳಿಂದ ಎದುರುಬದುರಾಗಿ ಕೊರೆಯುತ್ತ ಬರುತ್ತಿದ್ದರು. ಸುರಂಗ ಉದ್ದಕ್ಕೂ ಸೊಟ್ಟಸೊಟ್ಟ, ನೇರ ಇದ್ದರೆ ಒಂದು ಗುಂಡು ಕೊನೆಯವರೆಗೂ ಹೋಗುತ್ತದಲ್ಲ. ಕತ್ತಲಲ್ಲಿ ಒಬ್ಬರಿಗೊಬ್ಬರು ತಪ್ಪಿಹೋಗದಿರಲು ಕೆಲಸ ನಿಲ್ಲಿಸಿ ಗೋಡೆ ಕುಟ್ಟುವುದು, ಆ ಕಡೆಯ ಸದ್ದಿಗೆ ಕಿವಿಯಿಟ್ಟು ಕೇಳುವುದು.

ಒಂದು ದಿನ ಅವಳ ಅಣ್ಣ ಕಡಿಯುತ್ತಿದ್ದ, ಅವಳು ಹಿಂದೆ ಬುಟ್ಟಿ ಹಿಡಿದಿದ್ದಳು. ಎದುರಿನಿಂದ ಕುಟ್ಟುವ ಸದ್ದು ಹತ್ತಿರ ಬಂತು. ಮಣ್ಣಿನ ಗೋಡೆ ದೊಪ್ಪನೆ ಕುಸಿದು ಬಿತ್ತು. ಆಚೆ ಎಣ್ಣೆ ದೀಪ ಹಿಡಿದ ಪಕ್ಕದೂರಿನ ಒಬ್ಬ ಹುಡುಗ. ಮುಖವೆಲ್ಲ ಕೆಸರು, ಹಲ್ಲು ಮಾತ್ರ ಕಂಡಿತಂತೆ. ಮುಂದಿನ ಸುಗ್ಗಿಗೆ ಅವನೊಂದಿಗೇ ಅವಳ ಮದುವೆಯಾಯಿತು.

ಅತ್ತೆ ಬುಟ್ಟಿ ಕೆಳಗಿಟ್ಟು ಕೂತೇಬಿಟ್ಟರು. "ಅಯ್ಯೋ ಶಿವನೇ, ನಮ್ಮಲ್ಲಿ ಅಂತರಪಟ ಸರಿಸ್ತಾರಲ್ಲ, ಹಾಗೇ ಆಯ್ತಲ್ಲೇ ಇದು. ನಮಗೆ ಬಟ್ಟೆ, ಇವಳಿಗೆ ಗೋಡೆ" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮದುವೆಯಲ್ಲಿ ಗಂಡು ಹೆಣ್ಣಿನ ನಡುವೆ ಹಿಡಿಯುವ ಬಟ್ಟೆಯನ್ನು ನಾನು ಇಂಗ್ಲಿಷಿಗೆ ತಂದು, ಮಗಳು ಅದನ್ನು ವಿಯೆಟ್ನಾಮೀ ಭಾಷೆಗೆ ದಾಟಿಸಿದ ಮೇಲೆ ಅಕ್ಕನೂ ನಗತೊಡಗಿದಳು. ಇಬ್ಬರೂ ಒಬ್ಬರ ಭುಜ ಒಬ್ಬರು ತಟ್ಟಿಕೊಂಡು ನಕ್ಕರು.

ಮಗಳು ಮಾತ್ರ ನಗುವುದನ್ನು ನಿಲ್ಲಿಸಿದ್ದಳು. ತಗ್ಗಿದ ದನಿಯಲ್ಲಿ ಹೇಳಿದಳು: "ಅಮ್ಮ ಇದನ್ನ ಈ ದೇಶದಲ್ಲಿ ಯಾರಿಗೂ ಹೇಳಿರಲಿಲ್ಲ. ನೀವೂ ಹೇಳಬೇಡಿ." ಆಮೇಲೆ ಬಂದ ಕಮ್ಯುನಿಸ್ಟ್ ಗೆರಿಲ್ಲಾಗಳು ಅದೇ ಸುರಂಗಗಳನ್ನು ಇನ್ನಷ್ಟು ಉದ್ದ, ಇನ್ನಷ್ಟು ಆಳ ಮಾಡಿ ಅಮೆರಿಕದವರ ಮೇಲೆ ಯುದ್ಧ ಮಾಡಿದರು. ಅಷ್ಟು ಹೊತ್ತಿಗೆ ಅಕ್ಕ ಗಂಡನೊಂದಿಗೆ ಸೈಗಾನು ಸೇರಿದ್ದಳು. ಅಳಿಯ ಸೈಗಾನ್ ಸರ್ಕಾರದ ನೌಕರ. ಗೆದ್ದವರಿಗೆ ಹೆದರಿ ದೇಶ ಬಿಟ್ಟವರು ಇವರು. ಆದರೂ ಲಾರೆನ್ಸ್‌ವಿಲ್‌ನಿಂದ ಎಷ್ಟು ಹುಡುಗರು ಆ ಯುದ್ಧಕ್ಕೆ ಹೋಗಿದ್ದರೋ, ಸುರಂಗ ಎಂಬ ಶಬ್ದ ಕೇಳಿದರೆ ಯಾರಿಗೆ ಏನು ನೆನಪಾಗುತ್ತದೋ ಎಂಬ ಭಯ ಆ ಹುಡುಗಿಗೆ. ನಾನು ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಅತ್ತೆಗೆ ಇದೆಲ್ಲ ಅರ್ಥವಾಗಲಿಲ್ಲ. ಅವರು ತಮ್ಮದೇ ಗುಂಗಿನಲ್ಲಿದ್ದರು. "ನಮ್ಮೂರಲ್ಲೂ ಹಗೆ ಇದ್ವಲ್ಲ" ಎಂದು ಶುರು ಮಾಡಿದರು. ಬೆಂಗಳೂರಿನ ನನಗೆ ಹಗೆ ಎಂದರೆ ದ್ವೇಷ ಎಂದಷ್ಟೇ ಗೊತ್ತು. ಯಾರ ಮೇಲೆ ಹಗೆ ಅತ್ತೆ, ಎಂದು ಗಾಬರಿಯಿಂದ ಕೇಳಿದೆ. "ನಿನ್ನ ತಲೆ. ರಾಗಿ ತುಂಬಿಡೋ ಗುಂಡಿ ಕಣೇ, ಹಗೇವು" ಎಂದರು. ನೆಲದೊಳಗೆ ಗುಡಾಣದ ಹಾಗೆ ಕೊರೆದು, ಕುತ್ತಿಗೆ ಮಾತ್ರ ಚಿಕ್ಕದು ಮಾಡಿ, ರಾಗಿ ಸುರಿದು, ಮೇಲೆ ಕಲ್ಲು ಮುಚ್ಚಿ ಮಣ್ಣು ಹಾಕಿಬಿಟ್ಟರೆ ಕಳ್ಳನಿಗೂ ಗೊತ್ತಾಗದು. ಇಳಿಯುವ ಮೊದಲು ದೀಪ ಇಳಿಬಿಟ್ಟು ಗಾಳಿ ಪರೀಕ್ಷೆ. ಅದನ್ನು ಕೇಳಿ ಅಕ್ಕ ಹೌದು ಹೌದು ಎಂದು ತಲೆಯಾಡಿಸಿದಳು, ತಮ್ಮಲ್ಲೂ ಭತ್ತವನ್ನು ಹಾಗೇ ಬಚ್ಚಿಟ್ಟಿದ್ದರಂತೆ.

ಒಲೆ ಸಿದ್ಧವಾಯಿತು. ಮೊದಲ ಸಲ ಬೆಂಕಿ ಹಾಕಿದಾಗ ಮರ್ಯಾದೆ ಹೋಯಿತು. ಕಾಲುವೆಯ ತುದಿಯಲ್ಲಿ ಏನೂ ಇಲ್ಲ, ಹೊಗೆ ಎಲ್ಲಿ ಹೋಯಿತಪ್ಪ ಎಂದು ನಾವೆಲ್ಲ ನೋಡುತ್ತಿದ್ದರೆ, ಹಿತ್ತಲಿನ ಹುಲ್ಲಿನಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಎಳೆ ಎದ್ದಿತು. ನೋಡನೋಡುತ್ತ ಗುಲಾಬಿ ಗಿಡದ ಬುಡದಿಂದ, ಅಂಚೆ ಪೆಟ್ಟಿಗೆಯ ಕಂಬದ ಬುಡದಿಂದ, ಊದುಬತ್ತಿ ಚುಚ್ಚಿಟ್ಟಂತೆ. ಆ ಸೀಮೆಯ ನೆಲದಲ್ಲಿ ಮೋಲ್ ಎಂಬ ಪ್ರಾಣಿ ಇದೆ, ನಮ್ಮ ಹೆಗ್ಗಣದ ತಮ್ಮ. ಅವು ನಮಗಿಂತ ಮೊದಲೇ ಅಂಗಳವೆಲ್ಲ ಸುರಂಗ ಕೊರೆದಿದ್ದವು. ನಮ್ಮ ಕಾಲುವೆ ಅವುಗಳ ಬೀದಿಗೆ ಸೇರಿಕೊಂಡಿತ್ತು.

ನಮ್ಮವರು ಆ ತೂತಿನಿಂದ ಈ ತೂತಿಗೆ ಓಡಿ ಬೂಟಿನಿಂದ ತುಳಿದರು. ಒಂದು ಮುಚ್ಚಿದರೆ ಇನ್ನೊಂದು ಹೊಗೆಯಾಡಿತು. ಅಕ್ಕ ನೆಲದ ಮೇಲೆ ಕೂತು, ಹೊಟ್ಟೆ ಹಿಡಿದು, ಉಸಿರು ಸಿಗದಷ್ಟು ನಕ್ಕಳು. ತಾನು ಬುಟ್ಟಿ ಹೊತ್ತವಳಷ್ಟೇ, ಒಲೆ ಕಟ್ಟುತ್ತಿದ್ದವರು ಬೇರೆಯವರು, ತಾನು ಅದರಲ್ಲಿ ಬೆಂದ ಗೆಣಸು ತಿಂದವಳು ಎಂದು ಆಗ ಬಾಯಿ ಬಿಟ್ಟಳು. ನನಗೆ ನಕ್ಕು ನಕ್ಕು ಹೊಲಿಗೆ ನೋಯತೊಡಗಿತು.

ಅತ್ತೆ ಮಾತ್ರ ನಗಲಿಲ್ಲ. ಸೆರಗು ಸಿಕ್ಕಿಸಿ ಕಾಲುವೆಯೊಳಗೆ ಇಳಿದರು. ಕೆಮ್ಮಣ್ಣನ್ನು ಮುದ್ದೆಯ ಹಿಟ್ಟಿನ ಹಾಗೆ ಮಿದಿದು, ಹಗೇವಿನ ಒಳಗೋಡೆಗೆ ಮೆತ್ತುವಂತೆ ಕಾಲುವೆಯ ಎರಡೂ ಬದಿಗೆ ಮೆತ್ತಿದರು. ಅಕ್ಕ ಹಿಂದಿನಿಂದ ಅಂಗೈಯಲ್ಲಿ ನುಣ್ಣಗೆ ತೀಡುತ್ತ ಬಂದಳು. ಇಬ್ಬರೂ ಮೊಣಕೈವರೆಗೂ ಕೆಂಪು. ಅದು ಒಣಗುವವರೆಗೆ ಅತ್ತೆ ಟಿಕೆಟ್ಟಿನ ಮಾತೆತ್ತಲಿಲ್ಲ. ಆದರೆ ಈ ಸಲ ಕೆಟ್ಟರೆ ಹೊರಟೇಬಿಡುತ್ತಾರೆ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಮುಂದಿನ ಶನಿವಾರ ಬೆಳಿಗ್ಗೆ ನಮ್ಮವರು ಆಸ್ಪತ್ರೆಯಲ್ಲಿದ್ದರು. ಅತ್ತೆ ಬೇಸ್‌ಮೆಂಟಿನಲ್ಲಿ ನನ್ನನ್ನು ಮಣೆಯ ಮೇಲೆ ಕೂರಿಸಿ ನೆತ್ತಿಯಿಂದ ಅಂಗಾಲಿನವರೆಗೆ ಹರಳೆಣ್ಣೆ ತಿಕ್ಕಿದ್ದರು. ಹೊರಗೆ ಅಕ್ಕ ಓಕ್ ಮರದ ಒಣಸೌದೆ ಒಟ್ಟಿ ಬೆಂಕಿ ಹಾಕಿದಳು. ನಾನು ಬಾಗಿಲ ಸಂದಿಯಿಂದ ನೋಡಿದೆ. ಹಂಡೆಯ ಕೆಳಗೆ ಕೆಂಡ ನಿಗಿನಿಗಿ. ಮೇಲೆ ಬರೀ ಆಕಾಶ. ದೂರದಲ್ಲಿ ಪೈನ್ ಮರಗಳ ಬುಡದಲ್ಲಿ ತೆಳ್ಳಗೆ ಬೆಳಗಿನ ಮಂಜು ನಿಂತಿತ್ತು, ಅಷ್ಟೆ.

ನೀರು ಗುಳುಗುಳು ಎನ್ನುವ ಹೊತ್ತಿಗೆ ಮನೆಯ ಮುಂದೆ ಪಿಕಪ್ ಟ್ರಕ್ಕೊಂದು ನಿಂತಿತು. ಅದೇ ಮೀಸೆಯವನು. ಡ್ಯೂಟಿಯಲ್ಲಿರಲಿಲ್ಲ, ಆ ದಾರಿಯಲ್ಲಿ ಹೋಗುವಾಗ ಸೌದೆಯ ವಾಸನೆ ಬಂತಂತೆ. ಹಿತ್ತಲಿಗೆ ಬಂದು ಆಕಾಶ ನೋಡಿದ. ಹಂಡೆ ನೋಡಿದ. ಅಲ್ಲಿಂದ ಅವನ ಕಣ್ಣು ಮೆಲ್ಲಗೆ ಇಳಿಜಾರು ಹತ್ತಿ ಪೈನ್ ಮರಗಳ ಬುಡದ ಮಂಜಿನ ಮೇಲೆ ನಿಂತಿತು. ಅವನ ಮುಖದ ಬಣ್ಣವೇ ಬೇರೆಯಾಯಿತು. ಬೇಲಿಯ ಬಳಿ ಇದ್ದ ಅಕ್ಕನ ಮಗಳು ಅದನ್ನು ಕಂಡು ಓಡಿ ಬಂದು ಅಮ್ಮನ ಪಕ್ಕ ನಿಂತಳು.

ನನ್ನ ಮೈಯೆಲ್ಲ ಎಣ್ಣೆ, ಮೇಲೊಂದು ಹಳೇ ಸೀರೆ. ಹೊರಗೆ ಹೋಗುವಂತಿಲ್ಲ. ನನ್ನ ಒಂದು ಸ್ನಾನಕ್ಕೋಸ್ಕರ ಆ ಮುದುಕಿಯ ನೆಮ್ಮದಿ ಹಾಳಾಯಿತಲ್ಲ ಎನ್ನಿಸಿತು.

ಅವನು ಕಾಲುವೆಯ ಮೇಲೆ ಮಂಡಿಯೂರಿ ಕೂತು, ಅಂಗೈಯನ್ನು ಮಣ್ಣಿನ ಮೇಲಿಟ್ಟ. ಮಣ್ಣು ಬೆಚ್ಚಗಿದ್ದಿರಬೇಕು. ಅಂಗೈಯನ್ನು ಸರಿಸುತ್ತ, ಕಾಲುವೆ ಎಲ್ಲಿ ಹೋಗುತ್ತದೆಂದು ತಡವುತ್ತ ತುದಿಯವರೆಗೂ ಹೋಗಿ ಬಂದ. ಹೆಲಿಕಾಪ್ಟರಿನಲ್ಲಿ ಕೂತು ಕಾಡಿನ ಮೇಲೆ ಹೊಗೆ ಹುಡುಕುವುದೇ ವಿಯೆಟ್ನಾಮಿನ ಯುದ್ಧದಲ್ಲಿ ತನ್ನ ಕೆಲಸವಾಗಿತ್ತು ಎಂದ. "ಅಲ್ಲಿದ್ದಷ್ಟು ದಿನವೂ ಇದನ್ನೇ ಹುಡುಕಿದೆ. ಒಂದೂ ಸಿಗಲಿಲ್ಲ."

ಮಗಳು ಅದನ್ನು ಅಮ್ಮನಿಗೆ ಹೇಳಿದಳು. ಅಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಏನೋ ಅಂದಳು. ಅವನೇ ಕೇಳಿದ, ಏನಂದರು ಎಂದು.

"ಸಿಗಬಾರದು ಅಂತಾನೇ ಕಟ್ಟಿದ್ದು ಅಂತಾರೆ" ಎಂದಳು ಮಗಳು.

ಅವನ ಭುಜ ಕುಣಿಯತೊಡಗಿತು. ಅಳುತ್ತಿದ್ದಾನೇನೋ ಎಂದುಕೊಂಡೆ. ನಗುತ್ತಿದ್ದ. ಮೀಸೆಗೆಲ್ಲ ಕೆಂಪು ಮಣ್ಣು ಬಳಿದುಕೊಂಡು, ನೆಲದ ಮೇಲೆ ಕೂತು ನಗುತ್ತಿದ್ದ. ಅಕ್ಕನೂ ಮೆಲ್ಲಗೆ ನಕ್ಕಳು. "ಬೆಂಕಿ ನೆಲದೊಳಗಿದೆ, ಮೇಲೆ ಹಂಡೆ ಇದೆ. ಇದು ಬಯಲ ಬೆಂಕಿ ಅಲ್ಲ. ಹೊಗೆಯಂತೂ ನಾನು ಕಂಡಿಲ್ಲ" ಎಂದ ಮೀಸೆಯವನು.

ಇಷ್ಟೂ ಹೊತ್ತು ನನ್ನ ಹಿಂದೆ ಚೆಂಬು ಹಿಡಿದು ನಿಂತಿದ್ದ ಅತ್ತೆಗೆ ತಾಳ್ಮೆ ಕೆಟ್ಟಿತು. "ನೀರು ಕುದ್ದು ಹೋಗ್ತಿದೆ, ಆ ಹುಡುಗನ್ನ ಯಾಕೆ ಸುಮ್ನೆ ಕೂರಿಸ್ಕೊಂಡಿದ್ದೀರಿ? ತೊಟ್ಟಿ ಆ ಕಡೆ ಹಿಡ್ಕೊಳಕ್ಕೆ ಹೇಳು" ಎಂದರು. ನಾನು ಬಾಗಿಲ ಸಂದಿಯಿಂದಲೇ ಇಂಗ್ಲಿಷಿನಲ್ಲಿ ಕೂಗಿದೆ. ಅವನು "ಯೆಸ್, ಮ್ಯಾಮ್" ಎಂದು ಎದ್ದ.

ಹಂಡೆಯ ನೀರನ್ನು ತಗಡಿನ ತೊಟ್ಟಿಗೆ ತೋಡಿ, ಒಂದು ಕಿವಿ ಅಕ್ಕ ಹಿಡಿದಳು, ಇನ್ನೊಂದು ಕಿವಿ ಅವನು. ಅವನು ಎತ್ತರ, ಅವಳು ಗಿಡ್ಡ. ತೊಟ್ಟಿ ವಾಲಿ ನೀರು ಚೆಲ್ಲುತ್ತದೆಂದು ಅವನು ಬೆನ್ನು ಬಗ್ಗಿಸಿ, ಮಂಡಿ ಮಡಚಿ, ಅವಳ ಎತ್ತರಕ್ಕೆ ಇಳಿದು, ಅವಳ ಹೆಜ್ಜೆಗೆ ಹೆಜ್ಜೆ ಹಾಕುತ್ತ ಹಿತ್ತಲು ದಾಟಿ ಬಂದ. ಬಾಗಿಲ ಹೊರಗೆ ತೊಟ್ಟಿ ಇಳಿಸಿ, ಒಳಗೆ ನೋಡದೆ, ಮುಖ ತಿರುಗಿಸಿಕೊಂಡು ಹೋದ.

ಅತ್ತೆ ಬಾಗಿಲು ಹಾಕಿದರು. ಚೆಂಬು ಮೊಗೆದು, ಕೈ ಅದ್ದಿ ನೋಡಿ, ತಣ್ಣೀರು ಬೆರೆಸಿ, ಕೈ ಬೀಸಿ ನನ್ನ ಸೊಂಟಕ್ಕೆ ಫಟಾರನೆ ಎರಚಿದರು. ನಾನು ಕಿರುಚಿಕೊಂಡೆ. ಮೇಲಿಂದ ಮೇಲೆ ಚೆಂಬು ಬಿದ್ದವು. ಹೀಟರಿನ ನೀರಿಗೂ ಇದಕ್ಕೂ ವ್ಯತ್ಯಾಸ ಇತ್ತೋ ಇಲ್ಲವೋ, ನನ್ನ ವಿಜ್ಞಾನ ಏನು ಹೇಳುತ್ತದೋ ನನಗೆ ಬೇಕಿಲ್ಲ. ಮೂಳೆಗೆ ಇಳಿಯಿತು. ಅತ್ತೆ ಸೀಗೆಪುಡಿ ಹಾಕಿ ನನ್ನ ತಲೆ ಉಜ್ಜುತ್ತಿದ್ದರು. ಕಣ್ಣಿಗೆ ಸೀಗೆ ಹೋಯಿತೆಂದು ನೆಪ ಹೇಳಿಕೊಂಡು ಜೋರಾಗಿ ಅತ್ತುಬಿಟ್ಟೆ.

"ಅಳು, ಅಳು. ಬಾಣಂತಿ ಅಳಬೇಕು" ಎಂದರು ಅತ್ತೆ, ಇನ್ನೊಂದು ಚೆಂಬು ಮೊಗೆಯುತ್ತ. "ತಲೆ ಇನ್ನೂ ಬಗ್ಗಿಸು, ಮಗಳೇ."

ಅದುವರೆಗೆ ಅವರು ನನ್ನನ್ನು ಮಗಳೇ ಎಂದಿರಲಿಲ್ಲ. ನಾನು ತಲೆ ಬಗ್ಗಿಸಿದೆ.